ಗಾಲ್ಫ್ ಆಡುವಾಗ ಕಪ್ಪು ಕನ್ನಡಕ ಬೇಕೇ, ಬೇಡವೇ?

ಕೋಡಿಬಾಗದ ಕಾಕಾ, ಕಾರವಾರ

ಎಲ್ಲರಿಗೂ ನಮಸ್ಕಾರ. ಇಳಿವಯಸ್ಸಿನಲ್ಲಿ ನನಗೆ ಹಿಡಿದ ಹೊಸ ಹುಚ್ಚಿನ ಬಗ್ಗೆ ಒಂದು ಪ್ರಶ್ನೆಯಿದೆ. 2021ರ ಆಗಸ್ಟ್ 7ರ ಬೆಳಿಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನದಲ್ಲಿ ಉಳಿದುದನ್ನು ನಾನು ಟಿವಿ ಎದುರು ಕೂತು ಕೊನೆಯವರೆಗೂ ನೋಡಿದೆ. ಅದು ಎರಡನೆಯ ಶನಿವಾರವಾಗಿರಲಿಲ್ಲವಾದ್ದರಿಂದ ಬ್ಯಾಂಕಿಗೆ ಹೋಗಲೇಬೇಕಿತ್ತು, ತಡವಾಗಿ ಹೋದೆ. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದದ್ದರಿಂದ ಊರೆಲ್ಲ ಭರ್ಜಿ ಎಸೆತದ ಮಾತಾಡಿತು, ನನ್ನ ತಲೆಯಲ್ಲಿ ಮಾತ್ರ ಗಾಲ್ಫ್ ಉಳಿದುಬಿಟ್ಟಿತು. ನಿವೃತ್ತನಾದ ಮೇಲೆ ಅಳಿಯ ತನ್ನ ಹಳೆಯ ಕ್ಲಬ್ಬುಗಳ, ಅಂದರೆ ಗಾಲ್ಫ್ ಚೆಂಡು ಹೊಡೆಯುವ ಕೋಲುಗಳ, ಚೀಲವನ್ನು ತಂದುಕೊಟ್ಟ. ಈಗ ತಿಂಗಳಿಗೆ ಎರಡು ಭಾನುವಾರ ಗೆಳೆಯರೊಬ್ಬರ ಜೊತೆ ಮಾಜಾಳಿ ದಾಟಿ ಕಾಣಕೋಣದ ಕಡೆಯ ಒಂಬತ್ತು ಕುಳಿಗಳ ಮೈದಾನಕ್ಕೆ ಹೋಗಿ ಬರುತ್ತೇನೆ.

ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದೇನೆ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ವೈದ್ಯರು ಹೇಳಿದರು, ನನ್ನ ನಂಬರಿಗೆ ಸರಿಯಾಗಿ ಒಂದನ್ನು ಮಾಡಿಸಿಕೊಂಡೆ. ಅದನ್ನು ಹಾಕಿಕೊಂಡು ಆಡಲು ತೊಡಗಿದಂದಿನಿಂದ ನನ್ನ ಕ್ಲಬ್ ಚೆಂಡಿನ ತಲೆಯನ್ನಷ್ಟೇ ಸವರುತ್ತದೆ, ಚೆಂಡು ಮೇಲೇಳದೆ ಮರಳಿನ ಮೇಲಿನ ಏಡಿಯಂತೆ ಅಡ್ಡಾದಿಡ್ಡಿ ಓಡಿ ಹತ್ತು ಮಾರು ದೂರದಲ್ಲಿ ನಿಲ್ಲುತ್ತದೆ. ಕನ್ನಡಕ ತೆಗೆದರೆ ಹೊಡೆತ ನೆಟ್ಟಗಾಗುತ್ತದೆ, ಆದರೆ ಐದನೆಯ ಕುಳಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಸುರಿಯುತ್ತದೆ ಮತ್ತು ರಾತ್ರಿ ತಲೆನೋವು ಬಿಡುವುದಿಲ್ಲ. ಇದು ಸಿನಿಮಾ ನಾಯಕರ ಶೋಕಿ, ಗಾಲ್ಫಿನಲ್ಲಿ ಯಾರೂ ಹೀಗೆ ಆಡುವುದಿಲ್ಲ ಎಂದು ಗೆಳೆಯರು ನಗುತ್ತಾರೆ. ಬಲ್ಲವರು ಕಾರಣಸಹಿತ ಹೇಳಬೇಕು.

ಘಟ್ಟದ ಮೇಲಿನವ, ಯಲ್ಲಾಪುರ

ನಮ್ಮ ಜಿಲ್ಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಹೊರಬಿದ್ದವರನ್ನು ಜನ ಕೇಳುವುದು ಎರಡೇ ಪ್ರಶ್ನೆ: ಕಣ್ಣು ಬಂದಿದೆಯೇ, ಅಥವಾ ಪೊರೆ ತೆಗೆಸಿದ್ದೀರಾ? ಎರಡನೆಯದಕ್ಕೆ ನಿಮ್ಮ ಬಳಿ ನಿಜವಾದ ಉತ್ತರವೇ ಇರುವುದರಿಂದ ಧೈರ್ಯವಾಗಿ ಹಾಕಿಕೊಳ್ಳಿ, ಕಾಕಾ.

ಬೆಂಗಳೂರು ಸೇರಿದ ಹೊನ್ನಾವರದವ

ನಿಮ್ಮ ಗೆಳೆಯರ ಮಾತು ತಪ್ಪು. ಅಮೆರಿಕದ ಡೇವಿಡ್ ಡುವಾಲ್ 1999ರಲ್ಲಿ ಜಗತ್ತಿನ ಮೊದಲನೆಯ ಶ್ರೇಯಾಂಕಕ್ಕೆ ಏರಿದವರು, 2001ರಲ್ಲಿ ಬ್ರಿಟನ್ನಿನ ಓಪನ್ ಪಂದ್ಯಾವಳಿ ಗೆದ್ದವರು. ಅವರ ಮುಖ ನೆನಪಾದರೆ ಕಣ್ಣಿನ ಸುತ್ತ ಬಾಗಿ ಕೂತ ಕಪ್ಪು ಕನ್ನಡಕವೇ ಮೊದಲು ನೆನಪಾಗುತ್ತದೆ. ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್ ಕೂಡ ಕಪ್ಪು ಕನ್ನಡಕ ತೊಟ್ಟು ಆಡಿದವರೇ. ಆಟದ ನಿಯಮದಲ್ಲಿಯೂ ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ನಾನು ಇಲ್ಲಿ ಆರು ವರ್ಷದಿಂದ ಆಡುತ್ತಿದ್ದೇನೆ. ನನ್ನ ಅನುಭವದಲ್ಲಿ ಕಪ್ಪು ಕನ್ನಡಕ ಬೇಕಾಗುವುದು ಹೊಡೆತಕ್ಕಲ್ಲ, ನಡಿಗೆಗೆ. ಒಂಬತ್ತು ಕುಳಿ ಮುಗಿಯಲು ಎರಡು ಗಂಟೆ ಹಿಡಿಯುತ್ತದೆ ಎಂದುಕೊಳ್ಳಿ, ಅದರಲ್ಲಿ ಕ್ಲಬ್ ಬೀಸುವ ಹೊತ್ತನ್ನು ಕೂಡಿಸಿದರೆ ಐದು ನಿಮಿಷವೂ ಆಗಲಿಕ್ಕಿಲ್ಲ. ಉಳಿದದ್ದೆಲ್ಲ ಬಿಸಿಲಲ್ಲಿ ನಡೆಯುವುದು, ಚೆಂಡು ಹುಡುಕುವುದು, ಎದುರಿನವರು ಹೊಡೆಯುವವರೆಗೆ ಕಾಯುವುದು. ಆದ್ದರಿಂದ ನಾನು ನಡೆಯುವಾಗಲೂ ದೂರದ ಹೊಡೆತಕ್ಕೂ ಹಾಕಿಕೊಂಡಿರುತ್ತೇನೆ, ಗ್ರೀನ್, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ, ಹತ್ತಿರವಾದೊಡನೆ ತೆಗೆದು ಟೊಪ್ಪಿಯ ಮೇಲೆ ಏರಿಸುತ್ತೇನೆ.

ಅಂಕೋಲೆ ಮಾಸ್ತರು

ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಇದಕ್ಕಿಂತ ಕೆಟ್ಟ ಪದ್ಧತಿ ಇನ್ನೊಂದಿಲ್ಲ. ಕಣ್ಣಿಗೆ ಬೆಳಕಿಗೆ ಹೊಂದಿಕೊಳ್ಳಲು ಸಮಯ ಬೇಕು, ನೀವು ಅದಕ್ಕೆ ಒಂಬತ್ತು ಸಲ ಕತ್ತಲೆ ಬೆಳಕಿನ ಶಿಕ್ಷೆ ಕೊಡುತ್ತೀರಿ. ಕೊನೆಗೆ ಕನ್ನಡಕವನ್ನು ಎಲ್ಲೋ ಇಟ್ಟು ಅದರ ಮೇಲೆಯೇ ಕೂರುತ್ತೀರಿ.

ಅಗಲ ಅಂಚಿನ ಟೊಪ್ಪಿ ಸಾಕು ಎಂಬುದು ನನ್ನ ಅಭಿಪ್ರಾಯ. ಕಾರವಾರ ಹೆಚ್ಚುಕಡಿಮೆ 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿ ನಡುಹಗಲ ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ, ಎಲ್ಲಕ್ಕಿಂತ ಉಗ್ರವಾದ ಆ ಬಿಸಿಲನ್ನು ಟೊಪ್ಪಿಯ ಅಂಚೇ ತಡೆಯುತ್ತದೆ. ನಾವು ಶಾಲೆಯ ಹುಡುಗರನ್ನು ಕಟ್ಟಿಕೊಂಡು ಕಡಲ ತಡಿಯಲ್ಲಿ ಎಷ್ಟು ವಾಲಿಬಾಲ್ ಆಡಿಲ್ಲ? ಯಾರ ಕಣ್ಣು ಹೋಯಿತು?

ಕನ್ನಡಕದ ಅಂಗಡಿ, ಕುಮಟಾ

ಮಾಸ್ತರರೇ, ವಿಜ್ಞಾನ ಕಲಿಸಿದ ನಿಮಗೆ ನಾನು ತಿದ್ದಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಕಣ್ಣಿನ ತಪಾಸಣೆ ಮಾಡಿ ಕನ್ನಡಕ ಕೊಡುವವನು. ನೆತ್ತಿಯ ಮೇಲಿನ ಬಿಸಿಲು ಚರ್ಮವನ್ನು ಸುಡುತ್ತದೆ, ಆದರೆ ಕಣ್ಣಿಗೆ ಅದು ನೇರವಾಗಿ ಬೀಳುವುದಿಲ್ಲ, ಹುಬ್ಬಿನ ಎಲುಬೇ ಅದಕ್ಕೆ ಮಾಡಿನಂತಿದೆ. ಕಣ್ಣಿನೊಳಗೆ ನುಗ್ಗುವುದು ಬೆಳಗಿನ ಎಂಟೊಂಬತ್ತು ಗಂಟೆಯ ಮತ್ತು ಸಂಜೆ ನಾಲ್ಕರ ನಂತರದ ಓರೆ ಬಿಸಿಲು. ಗಾಲ್ಫ್ ಆಡುವವರು ಸೆಖೆ ತಪ್ಪಿಸಿಕೊಳ್ಳಲು ಆರಿಸಿಕೊಳ್ಳುವುದು ಅದೇ ಹೊತ್ತುಗಳನ್ನು ಎಂಬುದನ್ನು ಗಮನಿಸಿ.

ಟೊಪ್ಪಿಯ ಇನ್ನೊಂದು ಕೊರತೆಯೆಂದರೆ, ಕೆಳಗಿನಿಂದ ಬರುವ ಬೆಳಕನ್ನು ಅದು ತಡೆಯಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಣ ಮರಳು ಅತಿನೇರಳೆ ಕಿರಣಗಳ ಸುಮಾರು 15 ಶೇಕಡಾವನ್ನೂ ಕಡಲ ನೊರೆ ಸುಮಾರು 25 ಶೇಕಡಾವನ್ನೂ ಹಿಂದಕ್ಕೆ ಚಿಮ್ಮಿಸುತ್ತವೆ. ಹುಲ್ಲು ಚಿಮ್ಮಿಸುವುದು 10 ಶೇಕಡಾಕ್ಕಿಂತ ಕಡಿಮೆ. ಹಾಗಾಗಿ ಬೆಂಗಳೂರಿನ ಹಸಿರು ಮೈದಾನಕ್ಕಿಂತ ಕಡಲ ಪಕ್ಕದ ಮೈದಾನದಲ್ಲಿ ಕಣ್ಣಿಗೆ ಹೆಚ್ಚು ಕೆಲಸ.

ಹಾಕಿ ತೆಗೆಯುವ ಬಗ್ಗೆ ನಿಮ್ಮ ಮಾತು ಅರ್ಧ ಸರಿ. ಕಣ್ಣಿನ ಪಾಪೆ ಕೆಲವೇ ಕ್ಷಣಗಳಲ್ಲಿ ಹೊಂದಿಕೊಳ್ಳುತ್ತದೆ, ಅಕ್ಷಿಪಟಲಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ಗ್ರೀನ್ ಮೇಲೆ ಚೆಂಡಿನ ಮುಂದೆ ನಿಂತು ತೆಗೆಯುವ ಬದಲು, ಗ್ರೀನಿನ ಕಡೆಗೆ ನಡೆಯುತ್ತಿರುವಾಗಲೇ ತೆಗೆದರೆ ಆ ತೊಂದರೆ ಉಳಿಯುವುದಿಲ್ಲ.

ಕಾಕಾ, ಒಂದು ಮಾತು ಕೇಳಬೇಕು: ನೀವು ಮಾಡಿಸಿಕೊಂಡ ಕಪ್ಪು ಕನ್ನಡಕದ ಕೆಳಭಾಗದಲ್ಲಿ ಓದುವ ನಂಬರನ್ನೂ ಹಾಕಿಸಿದ್ದೀರಾ?

ಬೆಲೇಕೇರಿ ಬಂದರು

ಗಾಲ್ಫ್ ನನಗೆ ಗೊತ್ತಿಲ್ಲ, ಬಿಸಿಲು ಗೊತ್ತಿದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ದೋಣಿಯಿದೆ, ಅಣ್ಣ ತಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ಗಲ್ಫಿನಲ್ಲಿದ್ದ ಭಾವ ಬರುವಾಗ ಅವನಿಗೆ ನೀರಿನ ಝಳ ತಗ್ಗಿಸುವ ಪೋಲರೈಸ್ಡ್ ಗಾಜಿನ ಒಳ್ಳೆಯ ಕನ್ನಡಕವೊಂದನ್ನು ತಂದುಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನ ದಡದ ಹತ್ತಿರ ನೀರಿನೊಳಗಿನ ಬಂಡೆಗಳು ಹರಿವಾಣದಲ್ಲಿ ಇಟ್ಟಂತೆ ಕಂಡುವೆಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಎರಡನೆಯ ದಿನ ಬೈಯುತ್ತ ಬಂದ. ಬಂಗಡೆಯ ಹಿಂಡು ಮೇಲೆದ್ದಾಗ ನೀರಿನ ಮೈ ಒಂದು ಬಗೆಯಲ್ಲಿ ನಡುಗಿ ಮಿನುಗುತ್ತದೆ, ತಂಡೇಲನಿಗೆ ಆ ಮಿನುಗೇ ಗುರುತು. ಕನ್ನಡಕ ಆ ಮಿನುಗನ್ನೇ ಒರೆಸಿಹಾಕಿತ್ತು. ಪಕ್ಕದ ದೋಣಿಯವರು ಬಲೆ ಬಿಟ್ಟ ಮೇಲೆಯೇ ಅವನಿಗೆ ಅಲ್ಲಿ ಮೀನಿದೆಯೆಂದು ತಿಳಿದದ್ದು.

ಈಗ ಅವನು ಮೀನು ಹುಡುಕುವಾಗ ಬರಿಗಣ್ಣಿನಲ್ಲಿರುತ್ತಾನೆ. ಬೆಳಗಿನ ಬಿಸಿಲು ಘಟ್ಟದ ಮೇಲಿಂದ ನೇರವಾಗಿ ಮುಖಕ್ಕೆ ಹೊಡೆಯುವ ಹೊತ್ತಿನಲ್ಲಿ ದಡಕ್ಕೆ ಮರಳುವಾಗ ಮಾತ್ರ ಕನ್ನಡಕ ಹಾಕಿಕೊಳ್ಳುತ್ತಾನೆ.

ಬೆಂಗಳೂರು ಸೇರಿದ ಹೊನ್ನಾವರದವ

ಬೆಲೇಕೇರಿಯವರೇ, ಗಾಲ್ಫ್ ಗೊತ್ತಿಲ್ಲವೆಂದು ಹೇಳಿ ಗಾಲ್ಫಿನ ಬಹು ಸೂಕ್ಷ್ಮವಾದ ಸಂಗತಿಯನ್ನೇ ಹೇಳಿಬಿಟ್ಟಿರಿ. ನಮ್ಮಂಥ ಬಿಸಿ ಸೀಮೆಯ ಗ್ರೀನುಗಳಲ್ಲಿ ಬೆಳೆಸುವ ಬರ್ಮುಡಾ ಜಾತಿಯ ಹುಲ್ಲು ಒಂದು ದಿಕ್ಕಿಗೆ ಒರಗಿ ಬೆಳೆಯುತ್ತದೆ. ಕುಳಿಯ ಕಡೆ ನೋಡಿದಾಗ ಹುಲ್ಲು ಹೊಳೆದರೆ ಅದು ನಮ್ಮಿಂದ ಆಚೆಗೆ ಒರಗಿದೆಯೆಂದು ಅರ್ಥ, ಚೆಂಡು ಬೇಗ ಓಡುತ್ತದೆ. ಮಂಕಾಗಿ ಕಪ್ಪಗೆ ಕಂಡರೆ ನಮ್ಮ ಕಡೆಗೆ ಒರಗಿದೆ, ಚೆಂಡು ತಡೆದು ನಿಲ್ಲುತ್ತದೆ. ಪೋಲರೈಸ್ಡ್ ಗಾಜು ಈ ಹೊಳಪನ್ನು ತಗ್ಗಿಸುವುದರಿಂದ ಓದಬೇಕಾದ ಅಕ್ಷರವನ್ನೇ ಅಳಿಸಿದಂತಾಗುತ್ತದೆ. ನಾನು ಗ್ರೀನ್ ಮೇಲೆ ಕನ್ನಡಕ ತೆಗೆಯುವುದು ಇದಕ್ಕೇ, ಆದರೆ ಇಷ್ಟು ಚೆನ್ನಾಗಿ ವಿವರಿಸಲು ನನಗೆ ಬಂದಿರಲಿಲ್ಲ.

ಅಂಕೋಲೆ ಮಾಸ್ತರು

ಇಲ್ಲಿ ನಾನು ಒಪ್ಪುತ್ತೇನೆ, ಏಕೆಂದರೆ ಇದು ಪಾಠದಲ್ಲಿರುವ ವಿಷಯ. ನೀರಿನಂಥ ಮಟ್ಟಸವಾದ ಮೈಯಿಂದ ಪ್ರತಿಫಲಿಸುವ ಬೆಳಕು ಬಹುಪಾಲು ಅಡ್ಡ ದಿಕ್ಕಿನಲ್ಲಿ ಕಂಪಿಸುತ್ತದೆ, ನೀರಿಗೆ ಲಂಬದಿಂದ ಅಳೆದ ಸುಮಾರು 53 ಡಿಗ್ರಿ ಕೋನದಲ್ಲಿ ಪೂರ್ತಿಯಾಗಿ ಅಡ್ಡವೇ ಆಗಿರುತ್ತದೆ. ಪೋಲರೈಸ್ಡ್ ಗಾಜು ಅಡ್ಡ ಕಂಪನವನ್ನು ನುಂಗಿ ಉದ್ದದ್ದನ್ನು ಬಿಡುತ್ತದೆ. ಕೊಂಡ ಕನ್ನಡಕ ನಿಜವಾಗಿಯೂ ಪೋಲರೈಸ್ಡ್ ಹೌದೇ ಎಂದು ತಿಳಿಯಲು ಹಳ್ಳದ ನೀರನ್ನು ಅದರ ಮೂಲಕ ನೋಡುತ್ತ ಕನ್ನಡಕವನ್ನು ಕಾಲು ಸುತ್ತು ತಿರುಗಿಸಿ. ಮಾಯವಾಗಿದ್ದ ಝಳ ಮರಳಿ ಬಂದರೆ ಅಂಗಡಿಯವನು ಸುಳ್ಳು ಹೇಳಿಲ್ಲ.

ಸಾಣಿಕಟ್ಟೆಯವಳು

ಎಲ್ಲರ ಮಾತುಗಳನ್ನೂ ಓದಿದೆ. ಕೋಪದಿಂದ ಬರೆಯುತ್ತಿಲ್ಲ, ಆದರೆ ಬರೆಯದೆ ಇರಲಾರೆ. ನನ್ನ ಅಜ್ಜಿ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿದವಳು. ಬೇಸಗೆಯಲ್ಲಿ ಆಗರದ ನಡುವೆ ಒಮ್ಮೆ ನಿಂತು ನೋಡಿ: ಮೇಲೆ ಬಿಸಿಲು, ಕೆಳಗೆ ಕನ್ನಡಿಯಂಥ ನೀರು, ಸುತ್ತ ಬೆಳ್ಳಗಿನ ಉಪ್ಪಿನ ರಾಶಿ. ಅಜ್ಜಿಯ ಎರಡೂ ಕಣ್ಣುಗಳಲ್ಲಿ ಮೂಗಿನ ಕಡೆಯಿಂದ ಕೆಂಪು ಮಾಂಸ ಬೆಳೆದು ಕರಿಗುಡ್ಡೆಯ ಮೇಲೆ ಬಂದಿತ್ತು. ಅವಳು ತಲೆಗೆ ಸುತ್ತಿದ ಬಟ್ಟೆಯ ಅಂಚನ್ನು ಹುಬ್ಬಿನವರೆಗೆ ಎಳೆದುಕೊಂಡು ಕೆಲಸ ಮಾಡುತ್ತಿದ್ದಳು, ಮಾಸ್ತರು ಹೇಳುವ ಟೊಪ್ಪಿಯೂ ಅದೇ ಅಲ್ಲವೇ? ಯಾರ ಕಣ್ಣು ಹೋಯಿತು ಎಂದು ಅವರು ಕೇಳಿದ್ದಾರೆ. ನನ್ನ ಅಜ್ಜಿಯದು ಅರ್ಧ ಹೋಗಿತ್ತು.

ಕಾಕಾ, ನೀವು ಹಾಕಿಕೊಳ್ಳಿ. ನಗುವವರು ನಗಲಿ.

ಅಂಕೋಲೆ ಮಾಸ್ತರು

ತಂಗೀ, ಆ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕನ್ನಡಕದ ಅಂಗಡಿ, ಕುಮಟಾ

ಸಾಣಿಕಟ್ಟೆಯ ಅಕ್ಕ ಹೇಳಿದ ಕಾಯಿಲೆಗೆ ಟೆರಿಜಿಯಂ ಎಂದು ಹೆಸರು. ಅತಿನೇರಳೆ ಕಿರಣ, ಗಾಳಿ, ಧೂಳು ಇವುಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಹೆಚ್ಚಾಗಿ ಬರುತ್ತದೆ. ನನ್ನ ಅಂಗಡಿಗೆ ಬರುವ ಮೀನುಗಾರರಲ್ಲಿಯೂ ಗದ್ದೆ ಕೆಲಸದವರಲ್ಲಿಯೂ ಇದನ್ನು ದಿನನಿತ್ಯ ಎಂಬಂತೆ ನೋಡುತ್ತೇನೆ. ಕಾಕಾರ ಆಪರೇಷನ್ ಆದ ಕಣ್ಣಿನೊಳಗೆ ಕೂರಿಸಿರುವ ಮಸೂರ ಬಹುಶಃ ತಾನೇ ಅತಿನೇರಳೆಯನ್ನು ಹೀರುವಂಥದ್ದು, ಈಗಿನ ಬಹುತೇಕ ಮಸೂರಗಳು ಹಾಗೆಯೇ ಇವೆ. ಆದರೆ ಆ ಮಸೂರ ಇರುವುದು ಕಣ್ಣಿನ ಒಳಗೆ, ಈ ಮಾಂಸ ಬೆಳೆಯುವುದು ಹೊರಮೈಯಲ್ಲಿ.

ಕೊಳ್ಳುವವರು ಗಮನಿಸಬೇಕಾದದ್ದು ಬಣ್ಣದ ಗಾಢತೆಯನ್ನಲ್ಲ, 400 ನ್ಯಾನೋಮೀಟರ್‌ವರೆಗಿನ ಅತಿನೇರಳೆಯನ್ನು ತಡೆಯುತ್ತದೆಯೇ ಎಂಬುದನ್ನು. ಗಾಢ ಕಪ್ಪಾಗಿದ್ದು ಅತಿನೇರಳೆ ತಡೆಯದ ಗಾಜು ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು, ಏಕೆಂದರೆ ಅದರ ಹಿಂದೆ ಪಾಪೆ ಅಗಲವಾಗಿ ತೆರೆದುಕೊಂಡು ಬೇಡದ ಕಿರಣಕ್ಕೆ ಬಾಗಿಲು ತೆರೆದಿಟ್ಟಂತಾಗುತ್ತದೆ. ರಸ್ತೆ ಬದಿಯ ಕನ್ನಡಕದ ಬಗ್ಗೆ ನಾವು ಎಚ್ಚರಿಸುವುದು ಇದಕ್ಕೇ.

ತೋಟದ ಮನೆ, ಶಿರಸಿ

ಬಿಸಿಲಿನ ಮಾತೇ ಆಯಿತು, ನೆರಳಿನ ಮಾತು ಯಾರೂ ಆಡಲಿಲ್ಲ. ನನ್ನ ಬಳಿ ಬಿಸಿಲಿಗೆ ತಾನೇ ಕಪ್ಪಾಗುವ ಗಾಜಿನ ಕನ್ನಡಕವಿದೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನ ಅಂಗಳದಲ್ಲಿ ಅಡಿಕೆ ಹರವಿ ಬಿಸಿಲಲ್ಲಿ ಅರ್ಧ ಗಂಟೆ ನಿಂತು, ನೇರವಾಗಿ ತೋಟಕ್ಕೆ ಇಳಿದೆ. ಕೊನೆಗೌಡ ಮರದ ಮೇಲಿಂದ ಹಗ್ಗದಲ್ಲಿ ಕೊನೆ ಬಿಟ್ಟ, ಕೆಳಗೆ ಹಿಡಿಯಬೇಕಾದವನು ನಾನು. ನನ್ನ ಗಾಜು ಇನ್ನೂ ಅಂಗಳದ ಬಿಸಿಲಿನಲ್ಲಿಯೇ ಇತ್ತು. ತೋಟದ ಚುಕ್ಕೆಚುಕ್ಕೆ ನೆರಳಿನಲ್ಲಿ ಕೊನೆ ಎಲ್ಲಿದೆಯೆಂದು ಕಾಣುವಷ್ಟರಲ್ಲಿ ಅದು ಭುಜದ ಮೇಲೆ ಕೂತಿತ್ತು. ಮೂರು ದಿನ ಕೈ ಎತ್ತಲಾಗಲಿಲ್ಲ, ಕೊನೆಗೌಡ ಇಂದಿಗೂ ನನ್ನನ್ನು ನೋಡಿದೊಡನೆ ಕನ್ನಡಕ ಕ್ಷೇಮವೇ ಎಂದು ಕೇಳುತ್ತಾನೆ.

ಇನ್ನೂ ಒಂದು ವಿಚಿತ್ರವೆಂದರೆ, ಆ ಗಾಜು ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಚೆನ್ನಾಗಿ ಕಪ್ಪಾಗುತ್ತದೆ, ನಿಜವಾಗಿ ಬೇಕಾಗುವ ಏಪ್ರಿಲಿನ ಸುಡುಬಿಸಿಲಿನಲ್ಲಿ ಅರೆಬರೆ. ಬಸ್ಸಿನ, ಕಾರಿನ ಗಾಜಿನ ಹಿಂದೆಯಂತೂ ಕಪ್ಪಾಗುವುದೇ ಕಷ್ಟ. ಗಾಲ್ಫಿನಲ್ಲಿಯೂ ಚೆಂಡು ಗೇರುಮರದ ಬುಡಕ್ಕೆ ಹೋಗಿ ಬೀಳುತ್ತದೆಯೆಂದು ಕೇಳಿದ್ದೇನೆ. ಅಂಥ ಕಡೆ ಈ ಗಾಜನ್ನು ನಂಬಬೇಡಿ.

ಕನ್ನಡಕದ ಅಂಗಡಿ, ಕುಮಟಾ

ಶಿರಸಿಯವರು ಕಂಡದ್ದು ಸರಿಯಿದೆ. ಆ ಗಾಜಿನಲ್ಲಿರುವ ರಾಸಾಯನಿಕವನ್ನು ಅತಿನೇರಳೆ ಕಿರಣ ಕಪ್ಪಾಗಿಸುತ್ತದೆ, ಶಾಖ ಅದನ್ನು ತಿಳಿಯಾಗಿಸುತ್ತದೆ. ಆದ್ದರಿಂದ ಸೆಖೆ ಹೆಚ್ಚಿದಷ್ಟೂ ಅದು ಪೂರ್ತಿ ಕಪ್ಪಾಗದು. ಕಾರಿನ ಮುಂಗಾಜು ಅತಿನೇರಳೆಯನ್ನು ಮೊದಲೇ ತಡೆದುಬಿಡುವುದರಿಂದ ಒಳಗಿರುವ ಕನ್ನಡಕಕ್ಕೆ ಬಿಸಿಲಿದೆಯೆಂಬ ಸುದ್ದಿಯೇ ತಲುಪುವುದಿಲ್ಲ.

ಕಾಕಾ ನನ್ನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಭಟ್ಕಳದ ವಿಕೆಟ್ ಕೀಪರ್

ಕ್ರಿಕೆಟ್ಟಿನಲ್ಲಿ ಎತ್ತರದ ಕ್ಯಾಚ್ ಹಿಡಿಯುವವನಿಗೆ ಕಪ್ಪು ಕನ್ನಡಕ ಬೇಕೇ ಬೇಕು. ಗಾಲ್ಫಿನಲ್ಲಿ ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ, ಎತ್ತಲೂ ಓಡುವುದಿಲ್ಲ, ಅದನ್ನು ಹೊಡೆಯಲು ಇಷ್ಟು ಚರ್ಚೆಯೇ? ನಮ್ಮ ಕಡೆಯ ನಿಜವಾದ ಸಮಸ್ಯೆ ಬೆವರು. ಮೇ ತಿಂಗಳಲ್ಲಿ ಹತ್ತು ನಿಮಿಷ ಆಡಿದರೆ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಹಿಂದೆ ಕಟ್ಟುವ ದಾರವಿಲ್ಲದಿದ್ದರೆ ಹಾಕಿಕೊಳ್ಳುವುದೇ ವ್ಯರ್ಥ.

ಬೆಂಗಳೂರು ಸೇರಿದ ಹೊನ್ನಾವರದವ

ನಿಂತ ಚೆಂಡು ಸುಲಭವೆನ್ನುವವರು ಒಮ್ಮೆ ಹೊಡೆದು ನೋಡಬೇಕು. ಹೊಡೆದ ಮೇಲೆ ಅದನ್ನು ಹುಡುಕುವುದೂ ಆಟವೇ. ಹುಡುಕಲು ಮೊದಲು ಐದು ನಿಮಿಷ ಕೊಡುತ್ತಿದ್ದರು, 2019ರಿಂದ ಮೂರೇ ನಿಮಿಷ. ಸಂಜೆ ಪಡುವಣಕ್ಕೆ ಹೊಡೆದ ಚೆಂಡು ಸೂರ್ಯನೊಳಗೇ ಹೊಕ್ಕಂತೆ ಮಾಯವಾಗುತ್ತದೆ. ಅದು ಇಳಿದ ಜಾಗ ಕಾಣದಿದ್ದರೆ ಮೂರು ನಿಮಿಷ ಹುಲ್ಲು ಕೆದಕಿ, ದಂಡ ತೆತ್ತು, ಮತ್ತೆ ಹಳೆಯ ಜಾಗಕ್ಕೆ ನಡೆಯಬೇಕು. ದಾರದ ಮಾತು ಮಾತ್ರ ಪೂರ್ತಿ ಒಪ್ಪಿಗೆ.

ಕೋಡಿಬಾಗದ ಕಾಕಾ, ಕಾರವಾರ

ಎರಡು ದಿನ ಉತ್ತರಿಸದೆ ಇದ್ದುದಕ್ಕೆ ಕ್ಷಮಿಸಿ, ಒಂದು ಪ್ರಯೋಗದಲ್ಲಿ ತೊಡಗಿದ್ದೆ. ಖೋಟಾ ನೋಟು ನೋಡಲು ಬಳಸುತ್ತಿದ್ದಂಥ ಚಿಕ್ಕ ಅತಿನೇರಳೆ ಟಾರ್ಚೊಂದು ನನ್ನ ಬಳಿ ಇದೆ. ನಮ್ಮ ನೋಟಿನ ಕ್ರಮಸಂಖ್ಯೆಯನ್ನು ಮಿನುಗುವ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ, ಈ ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ರಾತ್ರಿ ದೀಪ ಆರಿಸಿ, ಮೇಜಿನ ಮೇಲೆ ಐನೂರರ ನೋಟು ಹಾಸಿ, ಟಾರ್ಚಿಗೂ ನೋಟಿಗೂ ನಡುವೆ ಮನೆಯಲ್ಲಿದ್ದ ಕನ್ನಡಕಗಳನ್ನು ಒಂದೊಂದಾಗಿ ಹಿಡಿದೆ. ಗಾಜು ಕಿರಣವನ್ನು ತಡೆದರೆ ಸಂಖ್ಯೆ ಆರಬೇಕು, ಬಿಟ್ಟರೆ ಹೊಳೆಯುತ್ತಿರಬೇಕು.

ನಾನು ಮಾಡಿಸಿಕೊಂಡ ಹೊಸ ಕಪ್ಪು ಕನ್ನಡಕ ಹಿಡಿದಾಗ ಸಂಖ್ಯೆ ಆರಿತು. ಮೊಮ್ಮಗ ಕಡಲ ತೀರದ ಗಾಡಿಯಲ್ಲಿ 200 ರೂಪಾಯಿಗೆ ಕೊಂಡ ಕನ್ನಡಕ ಹಿಡಿದಾಗಲೂ ಆರಿತು! ಬಣ್ಣವೇ ಇಲ್ಲದ ನನ್ನ ಓದುವ ಕನ್ನಡಕವೂ ಅಷ್ಟೇ. ಆರದೆ ಹಸಿರಾಗಿ ಹೊಳೆಯುತ್ತಲೇ ಉಳಿದದ್ದು ಒಂದರಲ್ಲಿ ಮಾತ್ರ, ನಾನು ಮದುವೆಯ ಕಾಲದಲ್ಲಿ ದುಬಾರಿ ಬೆಲೆ ಕೊಟ್ಟು ಕೊಂಡು ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ನಿಜವಾದ ಗಾಜಿನ ಕಪ್ಪು ಕನ್ನಡಕದಲ್ಲಿ. ಕುಮಟೆಯವರು ಇದಕ್ಕೇನೆನ್ನುತ್ತಾರೆ?

ಅವರ ಪ್ರಶ್ನೆಗೆ ಉತ್ತರ: ಹೌದು, ಕೆಳಭಾಗದಲ್ಲಿ ಓದುವ ನಂಬರು ಹಾಕಿಸಿದ್ದೇನೆ. ಅಂಕಪಟ್ಟಿ ಬರೆಯಲು ಬೇಕಲ್ಲ.

ಕನ್ನಡಕದ ಅಂಗಡಿ, ಕುಮಟಾ

ಕಾಕಾ, ನಿಮ್ಮ ಪ್ರಯೋಗಕ್ಕೆ ತಲೆಬಾಗಿದೆ. ಈಗಿನ ಪ್ಲಾಸ್ಟಿಕ್ ಮಸೂರಗಳಲ್ಲಿ, ಅದರಲ್ಲಿಯೂ ಪಾಲಿಕಾರ್ಬೊನೇಟ್‌ನಲ್ಲಿ, ಅತಿನೇರಳೆ ತಡೆಯುವ ಗುಣ ವಸ್ತುವಿನಲ್ಲಿಯೇ ಇರುತ್ತದೆ, ಸಾದಾ ಗಾಜಿಗೆ ಅದು ಕಡಿಮೆ. ರಸ್ತೆ ಬದಿಯ ಕನ್ನಡಕವೆಲ್ಲ ಕೆಟ್ಟದ್ದೆಂಬಂತೆ ನಾನು ಬರೆದದ್ದು ಹೆಚ್ಚಾಯಿತು. ಆದರೂ ನಿಮ್ಮ ಟಾರ್ಚು ತೋರಿಸುವುದು ತನ್ನ ಒಂದು ಬಗೆಯ ಕಿರಣವನ್ನಷ್ಟೇ. ಅಗ್ಗದ ಮಸೂರದ ಡೊಂಕು ಅದರಲ್ಲಿ ಕಾಣುವುದಿಲ್ಲ. ನೇರ ಗೆರೆಯ ಬಾಗಿಲ ಚೌಕಟ್ಟನ್ನು ನೋಡುತ್ತ ಕನ್ನಡಕವನ್ನು ಅಲುಗಿಸಿ, ಗೆರೆ ಹಾವಿನಂತೆ ಬಳುಕಿದರೆ ಅದರಲ್ಲಿ ಚೆಂಡನ್ನು ನೋಡಬೇಡಿ. ಆ ಹಳೆಯ ಗಾಜಿನದನ್ನಂತೂ ಮೈದಾನಕ್ಕೆ ಒಯ್ಯಲೇಬೇಡಿ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ನಿಯಮ, ಅಷ್ಟು ಚಿಕ್ಕ ಗಟ್ಟಿ ಚೆಂಡು ನೇರವಾಗಿ ಕಣ್ಣಿನ ಗೂಡಿನೊಳಗೇ ಹೊಗಬಲ್ಲದು. ಅದರ ಮುಂದೆ ಗಾಜು ಇದ್ದರೆ ಅಪಾಯ, ಪಾಲಿಕಾರ್ಬೊನೇಟ್ ಇದ್ದರೆ ರಕ್ಷಣೆ.

ಇನ್ನು ನಿಮ್ಮ ಏಡಿ ಓಟದ ಕಾರಣ. ಅದು ಕಪ್ಪು ಬಣ್ಣವಲ್ಲ, ಕೆಳಗಿನ ಓದುವ ನಂಬರು. ಓದುವ ಭಾಗ ಇರುವುದು ಕೈಯಲ್ಲಿ ಹಿಡಿದ ಪತ್ರಿಕೆಯ ದೂರಕ್ಕೆ, ಅಂದರೆ ಸುಮಾರು ಒಂದೂಕಾಲು ಅಡಿಗೆ. ಚೆಂಡು ಇರುವುದು ನಿಮ್ಮ ಕಣ್ಣಿನಿಂದ ಐದು ಅಡಿಯ ಆಸುಪಾಸಿನಲ್ಲಿ. ಕೆಳಗೆ ನೋಡಿದೊಡನೆ ಆ ಭಾಗದ ಮೂಲಕ ಚೆಂಡು ಮಸುಕಾಗುತ್ತದೆ, ಗೆರೆ ದಾಟುವಾಗ ಇದ್ದ ಜಾಗದಿಂದ ಸರಿದಂತೆಯೂ ಕಾಣುತ್ತದೆ. ಸ್ಪಷ್ಟವಾಗಿ ಕಾಣಲೆಂದು ನಿಮಗೆ ಗೊತ್ತಿಲ್ಲದೆಯೇ ಗದ್ದವನ್ನು ಎದೆಗೆ ಒತ್ತಿ, ಮೇಲಿನ ಭಾಗದಿಂದ ನೋಡುತ್ತೀರಿ. ಕ್ಲಬ್ ಬೀಸಿದಾಗ ಭುಜ ಗದ್ದಕ್ಕೆ ತಾಗಿ ತಲೆ ಮೇಲೇಳುತ್ತದೆ. ತಲೆಯ ಜೊತೆ ಕ್ಲಬ್ಬೂ ಒಂದು ಅಂಗುಲ ಮೇಲೇಳುತ್ತದೆ, ಚೆಂಡಿನ ತಲೆಯಷ್ಟೇ ಸಿಗುತ್ತದೆ. ಆಟಕ್ಕೆಂದೇ ಬರೀ ದೂರದ ನಂಬರಿನ ಕಪ್ಪು ಕನ್ನಡಕ ಮಾಡಿಸಿಕೊಳ್ಳಿ. ಅಂಕಪಟ್ಟಿಯನ್ನು ಗೆಳೆಯರು ಬರೆಯಲಿ.

ಘಟ್ಟದ ಮೇಲಿನವ, ಯಲ್ಲಾಪುರ

ಐದು ದಿನ ಬಿಸಿಲು, ಮೀನು, ಉಪ್ಪು, ಅಡಿಕೆ ಎಲ್ಲವನ್ನೂ ಸುತ್ತಿ ಬಂದ ಮೇಲೆ ಕಳ್ಳ ಸಿಕ್ಕಿದ್ದು ಕನ್ನಡಕದ ಕೆಳಗಿನ ಅರ್ಧಚಂದ್ರದಲ್ಲಿ.

ಬೆಂಗಳೂರು ಸೇರಿದ ಹೊನ್ನಾವರದವ

ಹೊಸದನ್ನು ಮಾಡಿಸುವುದಾದರೆ ಬಣ್ಣದ ವಿಚಾರವೂ ಇತ್ಯರ್ಥವಾಗಲಿ. ಬೂದು ಬಣ್ಣ ಎಲ್ಲವನ್ನೂ ಸಮನಾಗಿ ಮಂಕು ಮಾಡುತ್ತದೆ, ಕಂದು ಬಣ್ಣ ನೀಲಿ ಬೆಳಕನ್ನು ಕತ್ತರಿಸುವುದರಿಂದ ಹುಲ್ಲಿನ ಏರುತಗ್ಗು ಎದ್ದು ಕಾಣುತ್ತದೆ. ನನ್ನ ಮತ ಕಂದಿಗೆ, ಪೋಲರೈಸ್ಡ್ ಅಲ್ಲದ್ದಕ್ಕೆ. ಚೆಂಡು ಹುಡುಕಲೆಂದೇ ಮಾರುವ ನೀಲಿ ಗಾಜಿನ ಕನ್ನಡಕಗಳೂ ಇವೆ, ಅವು ಹಸಿರನ್ನು ಕಪ್ಪಾಗಿಸಿ ಬಿಳಿಯನ್ನು ಉಳಿಸುತ್ತವೆ. ಹುಡುಕುವುದಕ್ಕೆ ಸರಿ, ಬಿಸಿಲಿಗೆ ಅದು ಮದ್ದಲ್ಲ.

ಕೋಡಿಬಾಗದ ಕಾಕಾ, ಕಾರವಾರ

ಬಣ್ಣದ ಮಾತು ಬಂದದ್ದರಿಂದ ಕೇಳುತ್ತೇನೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರೆ ಚೆಂಡು ನೀಲಿ ಹಾಕಿ ಒಗೆದ ಪಂಚೆಯಂತೆ ಬೆಳ್ಳಗಿದೆ, ಬಲಗಣ್ಣು ಮುಚ್ಚಿ ನೋಡಿದರೆ ಅದೇ ಚೆಂಡು ಹಳೆಯ ಪುಸ್ತಕದ ಹಾಳೆಯಂತೆ ಹಳದಿ. ಇದು ಕನ್ನಡಕದ ದೋಷವೇ?

ಕನ್ನಡಕದ ಅಂಗಡಿ, ಕುಮಟಾ

ಅಲ್ಲ. ವಯಸ್ಸಾದಂತೆ ಕಣ್ಣಿನ ಸ್ವಂತ ಮಸೂರ ಹಳದಿಯಾಗಿ ನೀಲಿಯನ್ನು ತಡೆಯುತ್ತದೆ. ಬಲಗಣ್ಣಿನಲ್ಲಿ ಅದನ್ನು ತೆಗೆದು ತಿಳಿಯಾದದ್ದನ್ನು ಇಟ್ಟಿದ್ದಾರೆ, ಎಡಗಣ್ಣಿನಲ್ಲಿ ಹಳೆಯದೇ ಇದೆ. ಬಲಗಣ್ಣಿಗೆ ಬಿಸಿಲು ಚುಚ್ಚುವುದೂ ಬಹುಮಟ್ಟಿಗೆ ಇದರಿಂದಲೇ. ಕಂದು ಬಣ್ಣದ ಮಸೂರ ಎರಡೂ ಕಣ್ಣುಗಳ ನೀಲಿಯನ್ನು ಕತ್ತರಿಸುವುದರಿಂದ ಈ ವ್ಯತ್ಯಾಸವೂ ಕಡಿಮೆಯಾದಂತೆ ಕಾಣಬೇಕು. ಬೆಳಕಿನ 8ರಿಂದ 18 ಶೇಕಡಾ ಒಳಬಿಡುವ ಮೂರನೆಯ ದರ್ಜೆಯ ಗಾಢತೆ ನಮ್ಮ ಬೇಸಗೆಗೆ ಸಾಕು. ನಾಲ್ಕನೆಯ ದರ್ಜೆಯದು ಬೇಡ, ಅದನ್ನು ಹಾಕಿಕೊಂಡು ವಾಹನ ನಡೆಸಬಾರದು, ನೀವು ಕಾಣಕೋಣದಿಂದ ಹೆದ್ದಾರಿಯಲ್ಲಿ ಮರಳಿ ಬರಬೇಕಲ್ಲ. ಎಡಗಣ್ಣನ್ನೂ ಒಮ್ಮೆ ವೈದ್ಯರಿಗೆ ತೋರಿಸಿ.

ಕೋಡಿಬಾಗದ ಕಾಕಾ, ಕಾರವಾರ

ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಕಂದು ಬಣ್ಣ, ಪಾಲಿಕಾರ್ಬೊನೇಟ್, ಬರೀ ದೂರದ ನಂಬರು, ಪೋಲರೈಸ್ಡ್ ಅಲ್ಲ, ಭಟ್ಕಳದವರು ಹೇಳಿದ ದಾರವೂ ಉಂಟು. ಮೊದಲ ಕುಳಿಯಲ್ಲಿ ಚೆಂಡು ನೆಲ ಬಿಟ್ಟು ಎದ್ದದ್ದನ್ನು ಕಂಡು ಗೆಳೆಯರು ನಗುವುದನ್ನು ಮರೆತರು. ಐದನೆಯ ಕುಳಿ ದಾಟಿದರೂ ಕಣ್ಣಲ್ಲಿ ನೀರಿಲ್ಲ, ರಾತ್ರಿ ತಲೆನೋವೂ ಇಲ್ಲ. ಗ್ರೀನ್ ಹತ್ತಿರ ಬರುವಾಗಲೇ ಕನ್ನಡಕ ತೆಗೆಯುವ ಪಾಠವನ್ನು ನಾಲ್ಕು ಕುಳಿಗಳವರೆಗೆ ಪಾಲಿಸಿದೆ, ಐದನೆಯದರಲ್ಲಿ ಮರೆತುಹೋಯಿತು, ಎರಡು ಮಾರು ದೂರದ ಚೆಂಡು ಕನ್ನಡಕದೊಳಗಿನಿಂದಲೇ ಕುಳಿಗೆ ಬಿತ್ತು. ಅಲ್ಲಿಂದ ಮುಂದೆ ತೆಗೆಯಲಿಲ್ಲ. ಹೊನ್ನಾವರದವರು ಕ್ಷಮಿಸಬೇಕು.

ಒಂದೇ ತೊಂದರೆಯೆಂದರೆ ಅಂಕಪಟ್ಟಿ ಓದಲು ಆಗುವುದಿಲ್ಲ. ಗೆಳೆಯರು ಬರೆಯುತ್ತಾರೆ, ಏಳನೆಯ ಕುಳಿಯಲ್ಲಿ ನನ್ನ ಐದು ಹೊಡೆತಗಳನ್ನು ಆರು ಎಂದು ಬರೆದಿದ್ದಾರೆ.

ಕಾಕಾರ ಜೊತೆ ಆಡುವವನು

ಚರ್ಚೆಗೆ ಹೊಸಬ. ಮರಳುಗುಂಡಿಯಲ್ಲಿ ಕಾಕಾ ಒಮ್ಮೆ ಬೀಸಿದಾಗ ಮರಳು ಹಾರಿತು, ಚೆಂಡು ಅಲುಗಲಿಲ್ಲ. ಅದನ್ನೂ ಸೇರಿಸಿದರೆ ಆರು. ಕಂದು ಗಾಜಿನಲ್ಲಿ ಅವರಿಗೆ ಅದು ಕಂಡಿಲ್ಲ.

ಕೋಡಿಬಾಗದ ಕಾಕಾ, ಕಾರವಾರ

ಚೆನ್ನಾಗಿಯೇ ಕಂಡಿದೆ. ಅದು ಚೆಂಡಿಗೆ ಹೊಡೆದದ್ದಲ್ಲ, ಅಭ್ಯಾಸದ ಬೀಸು.

ಬೆಂಗಳೂರು ಸೇರಿದ ಹೊನ್ನಾವರದವ

ಕಾಕಾ, ಮರಳುಗುಂಡಿಯಲ್ಲಿ ಅಭ್ಯಾಸದ ಬೀಸು ಮರಳಿಗೆ ತಾಗಿದರೆ ಎರಡು ಹೊಡೆತ ದಂಡ. ಹಾಗಾದರೆ ನಿಮ್ಮದು ಏಳಾಗುತ್ತದೆ.

ಕೋಡಿಬಾಗದ ಕಾಕಾ, ಕಾರವಾರ

ಆರೇ ಇರಲಿ.